ಕಥೆಯ ಹುಡುಗಿಗೆ ರೊಟ್ಟಿ

ನನ್ನ ಮೊಮ್ಮಗಳು ಗಂಗಿ ಹಗೇವಿನ ಬಾಯಲ್ಲಿ ಕುಳಿತು ಎರಡೂ ಕಾಲು ಒಳಗೆ ಬಿಟ್ಟಿದ್ದಳು. ನೆಲದೊಳಗೆ ಜೋಳ ತುಂಬಿಡುವ ಆ ಗುಂಡಿಯ ಕಲ್ಲನ್ನು ಮಗ ಆಗಷ್ಟೇ ಸರಿಸಿ, ಒಳಗಿನ ಗಾಳಿ ಪರೀಕ್ಷಿಸಲು ಕಂದೀಲು ತರಲು ಹೋಗಿದ್ದ. ಕಂದೀಲು ಆರುವ ಹಗೇವಿನಲ್ಲಿ ಇಳಿದವರ ಉಸಿರೂ ನಿಲ್ಲುತ್ತದೆ. ನಾನು ಓಡಿಹೋಗಿ ಅವಳ ಜಡೆಯನ್ನೂ ರಟ್ಟೆಯನ್ನೂ ಹಿಡಿದು ಎಳೆದೆ. ಅವಳ ಕೈಯಲ್ಲೊಂದು ರೊಟ್ಟಿ ಇತ್ತು.

“ಬಿಡಬೇ ಆಯಿ! ಅಕಿ ದಾಳಿಂಬ್ರಿ ಕಾಳು ತಿಂದಬಿಡ್ತಾಳ. ಮೊದಲ ರೊಟ್ಟಿ ಕೊಟ್ಟು ಕರ್ಕೊಂಡ ಬರ್ತೇನಿ!”

ಅದು ಹಿಂದಿನ ದಿನ ನಾನೇ ಹೇಳಿದ ಗ್ರೀಕರ ಕಥೆ. ಪಾತಾಳದ ಅರಸ ಹೊತ್ತೊಯ್ದ ಹುಡುಗಿ ಅಲ್ಲಿಯ ದಾಳಿಂಬೆ ಕಾಳು ತಿಂದಳೆಂದು ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಯೇ ಇರಬೇಕಾಗುತ್ತದೆ. ಪಾತಾಳ ಎಲ್ಲಿದೆ ಎಂದು ಗಂಗಿ ಕೇಳಿದಾಗ, ಸುಮ್ಮನೆ ನಮ್ಮ ಅಂಗಳದ ಹಗೇವಿನ ಕಲ್ಲು ತೋರಿಸಿದವಳೂ ನಾನೇ.

ಮಗ ಬಂದು ಹಗ್ಗ ಕಟ್ಟಿ ಕಂದೀಲು ಇಳಿಬಿಟ್ಟ. ಒಂದು ಮಾರು ಇಳಿಯುವಷ್ಟರಲ್ಲಿ ಅದು ಆರಿತು. “ಯವ್ವಾ...” ಎಂದವನೇ ಕಲ್ಲನ್ನು ಮತ್ತೆ ಹಗೇವಿನ ಬಾಯಿಗೆ ಸರಿಸಿದ.

ಗಂಗಿ ಈಗಲೂ ಅದೇ ಕಥೆ ಬೇಕೆನ್ನುತ್ತಾಳೆ. ಹೇಳುತ್ತೇನೆ. ಆದರೆ ಕಥೆಯ ಹುಡುಗಿ ಮೇಲೆ ಬರುವವರೆಗೂ ಗಂಗಿಯ ರಟ್ಟೆಯನ್ನು ನಾನು ಬಿಡುವುದಿಲ್ಲ.