ಕ್ಯಾಪ್ಟನ್ ಸಾಹೇಬನ ಹೆಂಡತಿ

ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ಮೂವತ್ತಾರು ವರ್ಷ ನಿಂತೇ ಕೆಲಸ ಮಾಡಿದ ಆ ಹೆಂಗಸಿಗೆ ಜೊತೆಯವರು ಇಟ್ಟಿದ್ದ ಹೆಸರು ಭೂತಗನ್ನಡಿ. ಕೋಳಿ ಕೆದರಿದಂಥ ಅಕ್ಷರವಾಗಲಿ, ನೆನೆದು ಹರಡಿದ ಶಾಯಿಯಾಗಲಿ, ಯಾರಿಗೂ ಓದಲಾಗದ ವಿಳಾಸ ಕೊನೆಗೆ ಬಂದು ಬೀಳುತ್ತಿದ್ದದ್ದು ಅವಳ ಮೇಜಿನ ಮೇಲೆ. ಅವಳು ಲಕೋಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು, ತುಟಿಯಲ್ಲೇ ಏನೋ ಗುನುಗಿ, ಸರಿಯಾದ ಗೂಡಿಗೆ ತೂರುತ್ತಿದ್ದಳು. ನಿವೃತ್ತಿಯಾದ ಮೇಲೂ ಆ ಚಟ ಬಿಡಲಿಲ್ಲ. ಡಾಕ್ಟರ ಕೈಬರಹ ತಿಳಿಯದೆ ಔಷಧದಂಗಡಿಯವನೇ ಎರಡು ಸಲ ಚೀಟಿ ಹಿಡಿದು ಮನೆ ಬಾಗಿಲಿಗೆ ಬಂದಿದ್ದ.

ಮನೆಯಲ್ಲಿ ಅವಳ ಜೊತೆಗಿದ್ದವರು ಅತ್ತೆ. ಎಂಬತ್ತೊಂಬತ್ತು ವರ್ಷ. ದರ್ಜಿ ಅಂಗಡಿಯಲ್ಲಿ ಕಾಜಾ ಹಾಕಿ ಹಾಕಿ ಬೆರಳು ಸೊಟ್ಟಗಾಗಿದ್ದರೂ ನಾಲಿಗೆ ಮಾತ್ರ ನೆಟ್ಟಗಿತ್ತು. ಅತ್ತೆಯ ಕಣ್ಣು ಬೂದು ಬಣ್ಣದ್ದು. ಬೆಕ್ಕಿನ ಕಣ್ಣಿನವಳು ಎಂದು ಶಾಲೆಯಲ್ಲಿ ಕರೆದರು, ದೊಡ್ಡವಳಾದ ಮೇಲೆ ಬೀದಿಯಲ್ಲಿ ಕರೆದರು. ಆ ಕಣ್ಣು ಎಲ್ಲಿಂದ ಬಂತೆಂದು ಕೇಳುವವರಿಗೆ ಉತ್ತರ ಗೊತ್ತೇ ಇತ್ತು. ಅತ್ತೆಯ ಬಾಯಿಂದ ಕೇಳಿ ನಗಬೇಕು, ಅಷ್ಟೇ. ಅತ್ತೆಯ ಮುತ್ತಜ್ಜ ಇಂಗ್ಲಿಷ್ ಸೈನ್ಯದ ಕ್ಯಾಪ್ಟನ್, ಮುತ್ತಜ್ಜಿ ಸೈನಿಕರ ಕೋಟು ಹೊಲಿಯುತ್ತಿದ್ದವಳು. ಅತ್ತೆಯನ್ನು ನೋಡಲು ಬಂದ ಮೊದಲ ಗಂಡಿನ ಮನೆಯವರು ಅಂಗಳದಲ್ಲೇ ನಿಂತು, "ಸಾಹೇಬ ಇಟ್ಕೊಂಡಿದ್ದವಳ ವಂಶ ಅಲ್ವಾ ಇದು?" ಎಂದು ಕೇಳಿ ಹಾಗೇ ಹೊರಟುಹೋಗಿದ್ದರು. ಎಪ್ಪತ್ತು ವರ್ಷದ ಹಿಂದಿನ ಮಾತು. ಅತ್ತೆ ಅದನ್ನು ಮರೆತಿರಲಿಲ್ಲ.

"ಇಟ್ಕೊಂಡವಳಲ್ಲ, ಕಟ್ಕೊಂಡವಳು ಅಂತ ನಮ್ಮಜ್ಜಿ ಸಾಯೋವರೆಗೂ ಹೇಳಿದ್ಳು," ಎನ್ನುತ್ತಿದ್ದರು. "ಯಾರು ನಂಬ್ತಾರೆ, ಬಿಡು."

ಹೀಗಿರುವಾಗ ಊರಿನ ಹಳೆಯ ಬ್ಯಾರಕ್ಕು ಗ್ರಂಥಾಲಯವಾಯಿತು. ಅದರ ಪ್ರಾರಂಭಕ್ಕೆಂದು ಇತಿಹಾಸದ ಮೇಷ್ಟ್ರೊಬ್ಬರು ಅಲ್ಲಿದ್ದ ಅಧಿಕಾರಿಗಳ ಬಗ್ಗೆ ಚಿಕ್ಕ ಪುಸ್ತಕ ಬರೆದರು. ಭೂತಗನ್ನಡಿ ಅದನ್ನು ಅತ್ತೆಗೆ ಓದಿ ಹೇಳುತ್ತ ಹದಿನಾಲ್ಕನೆಯ ಪುಟಕ್ಕೆ ಬಂದು ನಿಂತಳು. ಅಲ್ಲಿ ಅದೇ ಕ್ಯಾಪ್ಟನ್ ಇದ್ದ. ಯುದ್ಧಕ್ಕೆ ಹಡಗು ಹತ್ತುವ ಮುನ್ನ ಉಗ್ರಾಣದ ಅಧಿಕಾರಿಗೆ ಅವನು ಬರೆದ ಪತ್ರದ ಒಂದು ಸಾಲೂ ಇತ್ತು: 'ನನ್ನ ರೈಫಲನ್ನು ನಿನ್ನ ವಶಕ್ಕೆ ಬಿಟ್ಟು ಹೋಗುತ್ತಿದ್ದೇನೆ.' ಅದರ ಕೆಳಗೆ ಮೇಷ್ಟ್ರ ಮಾತು: 'ಹೆಂಡತಿ ಮಕ್ಕಳಿಲ್ಲದ ಈ ಒಂಟಿ ಸೈನಿಕನಿಗೆ ಕೊನೆಗೂ ಚಿಂತೆಯಾದದ್ದು ಬಂದೂಕಿನದು.'

"ಹೆಂಡ್ತೀನೇ ಇರ್ಲಿಲ್ವಂತಾ?" ಅತ್ತೆ ಕೇಳಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಸೊಸೆಗೆ ಅದು ಸಹಿಸಲಾಗಲಿಲ್ಲ. ಜೊತೆಗೆ ಬೇರೆ ಒಂದು ಹುಳ ತಲೆ ಹೊಕ್ಕಿತ್ತು. ಯುದ್ಧಕ್ಕೆ ಹೊರಟವನು ಬಂದೂಕನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾನೆಯೇ?

ಮರುದಿನವೇ ಅವಳು ಹಳೆ ದಾಖಲೆಗಳ ಕಚೇರಿಗೆ ಹೋದಳು. ಪತ್ರದ ಮೂಲಪ್ರತಿ ತೋರಿಸಿ ಎಂದಳು. ಕಚೇರಿಯ ಅಧಿಕಾರಿ ಇವಳನ್ನೂ ಇವಳ ಬಟ್ಟೆ ಚೀಲವನ್ನೂ ನೋಡಿ, "ಸಂಶೋಧನೆ ಮಾಡ್ತೀರಾ?" ಎಂದರು.

"ಕಾಗದ ಓದ್ತೀನಿ," ಎಂದಳು.

ಅದೇನು ತೋಚಿತೋ, ಅಧಿಕಾರಿ ಪತ್ರ ತರಿಸಿದರು. ಕ್ಯಾಪ್ಟನ್ನನ ಕೈಬರಹ ನಿಜಕ್ಕೂ ಘೋರವಾಗಿತ್ತು. ಭೂತಗನ್ನಡಿ ಮೊದಲು ಆ ಪದವನ್ನು ನೋಡಲೇ ಇಲ್ಲ. ಬೇರೆಲ್ಲ ಪದ ನೋಡಿದಳು. ವಿಂಟರ್, ವಾಟರ್ ಎಂದು ಬರೆಯುವಲ್ಲಿ ಡಬ್ಲ್ಯೂ ಅಕ್ಷರವನ್ನು ಅವನು ಎಷ್ಟು ಮುದುಡಿಸುತ್ತಿದ್ದನೆಂದರೆ ಅದು ಆರ್‌ನಂತೆ ಕಾಣುತ್ತಿತ್ತು. ಪದದ ಕೊನೆಯ ಇ ಅಕ್ಷರಕ್ಕೆ ಉದ್ದನೆಯ ಸುಳಿ ಎಳೆಯುವ ಚಾಳಿ ಬೇರೆ. ಅಲ್ಲೊಂದು ಎಲ್ ಇದ್ದ ಹಾಗೇ ತೋರುತ್ತಿತ್ತು. ಇಷ್ಟು ತಿಳಿದ ಮೇಲೆ ಆ ಸಾಲಿಗೆ ಬಂದಳು. ಪತ್ರ ಓರೆ ಹಿಡಿದಳು. ರೈಫಲ್ ಅಲ್ಲ. ವೈಫ್.

'ನನ್ನ ಹೆಂಡತಿಯನ್ನು ನಿನ್ನ ವಶಕ್ಕೆ ಬಿಟ್ಟು ಹೋಗುತ್ತಿದ್ದೇನೆ.'

ಅವಳು ಕೂಗಿದ್ದು ಕೇಳಿ ಪಕ್ಕದ ಮೇಜಿನಲ್ಲಿ ತೂಕಡಿಸುತ್ತಿದ್ದ ಗುಮಾಸ್ತ ಬೆಚ್ಚಿ ಎದ್ದ.

ಅಧಿಕಾರಿ ಹೇಳಿ ಕಳಿಸಿ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಪತ್ರ ನೋಡಿದರು. "ಆಯ್ತಮ್ಮ, ವೈಫ್ ಅಂತಾನೇ ಇಟ್ಕೊಳ್ಳೋಣ. ಸೈನ್ಯದ ಪಟ್ಟಿಯಲ್ಲಿ ಅವಿವಾಹಿತ ಅಂತ ಸ್ಪಷ್ಟವಾಗಿದೆ. ಪ್ರೀತಿಗೆ ಹಾಗಂದಿರಬಹುದು. ಮದುವೆ ಆಗಿದ್ದಕ್ಕೆ ದಾಖಲೆ ಎಲ್ಲಿ?"

"ಹುಡುಕ್ತೀನಿ ಸಾರ್."

"ನಾನು ಹನ್ನೊಂದು ವರ್ಷ ಹುಡುಕಿದೀನಿ," ಎಂದರು ಮೇಷ್ಟ್ರು. ಗದರಿಕೆಯಿರಲಿಲ್ಲ, ಸುಮ್ಮನೆ ಹೇಳಿದರು.

ಅಂಚೆಯವರಿಗೆ ಇರುವ ಒಂದು ಅಭ್ಯಾಸ ಮೇಷ್ಟ್ರಿಗೆ ಇರಲಿಲ್ಲ. ಅವರು ಪತ್ರ ಓದಿದ್ದರು, ಲಕೋಟೆಯ ಹಿಂಬದಿ ನೋಡಿರಲಿಲ್ಲ. ಭೂತಗನ್ನಡಿ ಲಕೋಟೆ ತಿರುಗಿಸಿದಳು. ದೂರದ ಒಂದು ಬಂದರು ಪಟ್ಟಣದ ಅಂಚೆ ಮುದ್ರೆ ಅರ್ಧ ಅಳಿಸಿಹೋಗಿತ್ತು. ಪಕ್ಕದಲ್ಲಿ, ಅವಳಂಥವರೇ ಯಾರೋ ವಿಂಗಡಣೆಯವರು ನೂರ ನಲವತ್ತು ವರ್ಷದ ಹಿಂದೆ ಪೆನ್ಸಿಲ್ಲಿನಲ್ಲಿ ಗೀಚಿದ ಸೂಚನೆಯಿತ್ತು: ಇಲ್ಲಿಲ್ಲ, ಬಂದರಿಗೆ ಕಳಿಸಿ. ಉಗ್ರಾಣದ ಅಧಿಕಾರಿಗೆ ಅಷ್ಟರಲ್ಲಿ ಅಲ್ಲಿಗೆ ವರ್ಗವಾಗಿತ್ತು. ಅಂದರೆ ಅವನ ವಶದಲ್ಲಿದ್ದವಳೂ ಅಲ್ಲೇ ಇದ್ದಿರಬೇಕು.

ಬಂದರು ಪಟ್ಟಣಕ್ಕೆ ರೈಲಿನಲ್ಲಿ ಆರು ಗಂಟೆ ದಾರಿ. ಅತ್ತೆಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಹೊರಟಳು. "ಏನೂ ಸಿಗದಿದ್ರೆ ಬೇಜಾರು ಮಾಡ್ಕೋಬೇಡ," ಎಂದು ಅತ್ತೆಯೇ ಸಮಾಧಾನ ಹೇಳಿ ಕಳಿಸಿದರು.

ಅಲ್ಲಿನ ನೋಂದಣಿ ಕಚೇರಿಯ ಹಳೆ ಪುಸ್ತಕಗಳು ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿದ್ದವು. ಉಪ್ಪುಗಾಳಿಗೆ ರಟ್ಟು ಉಬ್ಬಿ, ಹಾಳೆ ಹಾಳೆಗೆ ಅಂಟಿಕೊಂಡಿತ್ತು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಧೂಳಿಗೆ ಕಣ್ಣು ಕೆಂಪಾದದ್ದೊಂದೇ ಲಾಭ. ಮೇಷ್ಟ್ರ ಹನ್ನೊಂದು ವರ್ಷ ನೆನಪಾಯಿತು. ಮೂರನೆಯ ದಿನ ಮಧ್ಯಾಹ್ನ, ಅಂಟಿಕೊಂಡಿದ್ದ ಎರಡು ಹಾಳೆಗಳ ನಡುವೆ ಪೋಸ್ಟ್‌ಕಾರ್ಡೊಂದನ್ನು ಮೆಲ್ಲಗೆ ತೂರಿಸಿ ಬಿಡಿಸಿದಾಗ, ಮುದುಡಿದ ಡಬ್ಲ್ಯೂ, ಸುಳಿಯ ಇ, ಅದೇ ಕೈಬರಹದ ರುಜು ಕಂಡಿತು.

ಮದುವೆಯ ನಮೂದು. ವರ: ಸೈನ್ಯದ ಕ್ಯಾಪ್ಟನ್, ಮೂವತ್ತೊಂದು ವರ್ಷ. ವಧು: ಕೋಟು ಹೊಲಿಯುವವಳು, ಇಪ್ಪತ್ತಮೂರು ವರ್ಷ. ಸಾಕ್ಷಿಗಳು ಉಗ್ರಾಣದ ಅಧಿಕಾರಿ ಮತ್ತು ಕುದುರೆ ಜೀನು ಹೊಲಿಯುವ ಒಬ್ಬ ಮುದುಕ. ಮುದುಕ ಹೆಬ್ಬೆಟ್ಟು ಒತ್ತಿದ್ದ. ವಧು ಹಾಗಲ್ಲ. ತನ್ನ ಭಾಷೆಯ ಅಕ್ಷರದಲ್ಲಿ, ಬಟ್ಟೆಗೆ ಟಾಕು ಹಾಕಿದಷ್ಟು ಬಿಗಿಯಾಗಿ, ತನ್ನ ಹೆಸರನ್ನು ತಾನೇ ಬರೆದಿದ್ದಳು. ಹನ್ನೊಂದು ತಿಂಗಳ ನಂತರದ ಜನನದ ಪುಸ್ತಕದಲ್ಲಿ ಒಂದು ಹೆಣ್ಣುಮಗು. ಆ ಮಗುವಿನ ಹೆಸರು ಅತ್ತೆಯ ಅಜ್ಜಿಯದು.

ಉಳಿದದ್ದನ್ನು ಭೂತಗನ್ನಡಿ ಸೈನ್ಯದ ಹಳೆ ಕಡತಗಳಿಂದ ಒಂದೊಂದೇ ಜೋಡಿಸಿದಳು. ಕ್ಯಾಪ್ಟನ್ ಹತ್ತೊಂಬತ್ತನೇ ವಯಸ್ಸಿಗೇ ಈ ದೇಶಕ್ಕೆ ಬಂದು ಹಡಗಿನಿಂದ ಇಳಿದವನು. ಮೇಲಧಿಕಾರಿಗಳ ಕಣ್ಣಿಗೆ ತಂಟೆಕೋರ. ಸೈನಿಕರ ಬೂಟು ಕಳಪೆ ಎಂದು ಜಗಳವಾಡಿ ಎರಡು ಸಲ ಬಡ್ತಿ ಕಳೆದುಕೊಂಡಿದ್ದ. ಊರಿನವಳನ್ನು ಮದುವೆಯಾಗಲು ಅಪ್ಪಣೆ ಕೇಳಿದ ಅರ್ಜಿಯ ಮೇಲೆ ಒಂದೇ ಪದವಿತ್ತು: ಇಲ್ಲ. ಆಗ ರಜೆ ಹಾಕಿ, ಆ ಮೇಲಧಿಕಾರಿಗಳ ಕಣ್ಣಿಗೆ ಬೀಳದ ಬಂದರಿಗೆ ಹೋಗಿ ಮದುವೆಯಾದ. ಮಗುವಿಗೆ ಎಂಟು ತಿಂಗಳಾದಾಗ ಯುದ್ಧಕ್ಕೆ ಹೋದವನು ಜ್ವರದಿಂದ ಸತ್ತ. ಸೈನ್ಯದ ಪಟ್ಟಿಯಲ್ಲಿಲ್ಲದ ಹೆಂಡತಿಗೆ ಸೈನ್ಯ ಏನೂ ಕೊಡಲಿಲ್ಲ. ಅವಳು ಹೊಲಿದಳು. ಅದೇ ಸೈನ್ಯದ ಕೋಟುಗಳನ್ನು ಇಪ್ಪತ್ತೆಂಟು ವರ್ಷ ಹೊಲಿದು ಮಗಳನ್ನು ಓದಿಸಿ ದಡ ಸೇರಿಸಿದಳು. ಇಷ್ಟೆಲ್ಲ ತಿಳಿದ ಮೇಲೆ ಭೂತಗನ್ನಡಿಗೆ ಕ್ಯಾಪ್ಟನ್ನನ ಮೇಲೆ ಮರುಕ ಹುಟ್ಟಿತು. ಹೆಮ್ಮೆ ಹುಟ್ಟಿದ್ದು ಮಾತ್ರ ಆ ಹೆಂಗಸಿನ ಮೇಲೆ.

ಗ್ರಂಥಾಲಯದ ಸಭಾಂಗಣದಲ್ಲಿ ಮೇಷ್ಟ್ರ ಉಪನ್ಯಾಸವಿದ್ದ ದಿನ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ತಂದು ಕೂರಿಸಿದ್ದರು. ಮೇಷ್ಟ್ರು ಬರೆದು ತಂದಿದ್ದ ಭಾಷಣವನ್ನು ಮಡಿಚಿ ಜೇಬಿಗಿಟ್ಟರು. "ಹದಿನಾಲ್ಕನೇ ಪುಟದಲ್ಲಿ ನಾನೊಬ್ಬ ಹೆಂಗಸನ್ನ ಬಂದೂಕು ಮಾಡಿದೀನಿ," ಎಂದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಅವರು ನೋಂದಣಿ ಪುಸ್ತಕದ ದೃಢೀಕರಿಸಿದ ನಕಲನ್ನು ಎತ್ತಿ ಹಿಡಿದು, ಸಾಲು ಸಾಲಾಗಿ ಓದಿದರು. ವೇದಿಕೆಯಿಂದ ಇಳಿದು ಬಂದು ಅತ್ತೆಯ ಮುಂದೆ ನಿಂತರು.

"ತಪ್ಪಾಯ್ತಮ್ಮ."

ಅತ್ತೆ ಕಾಗದ ಇಸಕೊಂಡು ಕಣ್ಣಿನ ಹತ್ತಿರ ಹಿಡಿದು ಆ ರುಜುವಿನ ಮೇಲೆ ಬೆರಳಾಡಿಸಿದರು. "ಎಷ್ಟು ಚೆನ್ನಾಗಿ ಬರೆದಿದಾಳೆ ನೋಡೇ," ಎಂದು ಸೊಸೆಗೆ ಹೇಳಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಇನ್ನೊಂದ್ಸಲ ಓದಿ ಸಾರ್. ಜೋರಾಗಿ ಓದಿ, ಹಿಂದೆ ಕೂತವರಿಗೂ ಕೇಳ್ಲಿ," ಎಂದರು.

ಮೇಷ್ಟ್ರು ಮತ್ತೆ ಓದಿ, ಕೊನೆಗೆ ಕ್ಯಾಪ್ಟನ್ನನ ಪತ್ರದ ಆ ಸಾಲನ್ನೂ ಓದಿದರು. 'ಹೆಂಡತಿ' ಎಂಬಲ್ಲಿ ಚಪ್ಪಾಳೆ ಶುರುವಾದದ್ದು ಹಿಂದಿನ ಸಾಲಿನಿಂದಲೇ. ಅತ್ತೆ ತಮ್ಮ ಬೂದುಗಣ್ಣನ್ನು ಅಗಲವಾಗಿ ತೆರೆದು, ಕುರ್ಚಿಯನ್ನು ತಿರುಗಿಸಿಕೊಂಡು, ಸಭೆಯಲ್ಲಿದ್ದ ಒಬ್ಬೊಬ್ಬರನ್ನೇ ನೋಡಿದರು.

ಮುಂದಿನ ಸೋಮವಾರ ದಾಖಲೆಗಳ ಕಚೇರಿಯಿಂದ ಭೂತಗನ್ನಡಿಗೆ ಕರೆ ಬಂತು. ಹೋದರೆ, ಕಿಟಕಿಯ ಪಕ್ಕ ಮೇಜು, ದೀಪ, ಅವಳ ಹೆಸರಿನ ಚೀಟಿ. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಟ್ಟುಗಳು.

"ಯಾರಿಗೂ ಓದೋಕಾಗದೆ ಬಿದ್ದಿದ್ದು," ಎಂದರು ಅಧಿಕಾರಿ. "ಇಂಥವು ಒಳಗೆ ಒಂದು ಕೋಣೆ ತುಂಬ ಇವೆ."

"ಒಂದೇ ಕೋಣೆನಾ?" ಎನ್ನುತ್ತ ಅವಳು ಮೊದಲ ಕಟ್ಟಿನ ಗಂಟು ಬಿಚ್ಚಿದಳು.