ಮಂಠಾಳದ ಒಳಕೋಣೆಯ ಬೀಗ

ಇದು ಕಟ್ಟುಕಥೆಯಲ್ಲ. ಆ ಕೀಲಿಕೈ ತಿರುಗಿಸಿದ್ದು ಈ ನನ್ನ ಬಲಗೈ. ಕಥೆ ಕಟ್ಟಲು ಮನಸ್ಸಿಗೆ ಸಮಾಧಾನ ಬೇಕು. ನನಗಿರುವುದು ಬರೀ ಸಿಟ್ಟು.

ನನ್ನಕ್ಕ ಕಸ್ತೂರಿಯನ್ನು ಬಸವಕಲ್ಯಾಣದ ಹತ್ತಿರ ಮಂಠಾಳಕ್ಕೆ ಕೊಟ್ಟಿದ್ದೆವು. ಹೋದ ವರ್ಷ ಜ್ವರ ಬಂದು ಸತ್ತಳು ಎಂದರು. ಒಳಕೋಣೆಯಲ್ಲಿದ್ದ ಅವಳ ಟ್ರಂಕು ಕೇಳಿದಾಗಲೆಲ್ಲ ಭಾವನದು ಒಂದೇ ಮಾತು: "ಖೋಲಿ ಚಾವಿ ಕಳದದವ್ವಾ."

ನಮ್ಮಪ್ಪ ಹುಮನಾಬಾದಿನಲ್ಲಿ ಬೀಗ ರಿಪೇರಿ ಮಾಡುತ್ತಿದ್ದವರು. ಒಂದು ಸಂಜೆ ಅವರ ಮಾಸ್ಟರ್ ಚಾವಿ ಹಿಡಿದು ಹೋಗಿಯೇಬಿಟ್ಟೆ. ಹಳೆಯ ಬಾಗಿಲ ಬೀಗದೊಳಗೆ ತಗಡಿನ ಅಡ್ಡಪಟ್ಟಿಗಳಿರುತ್ತವೆ. ಅವಕ್ಕೆ ಸರಿಹೊಂದುವ ಕಚ್ಚುಗಳಿದ್ದರೆ ಮಾತ್ರ ಕೀಲಿಕೈ ತಿರುಗುತ್ತದೆ. ಮಾಸ್ಟರ್ ಚಾವಿಯನ್ನು ಅರದಿಂದ ಉಜ್ಜಿ ತುದಿಯ ಹಲ್ಲಷ್ಟೇ ಉಳಿಸಿರುತ್ತಾರೆ. ಅದು ಯಾವ ಪಟ್ಟಿಗೂ ತಗಲದೆ ಸುತ್ತಿ, ನೇರ ಬೀಗದ ನಾಲಿಗೆಯನ್ನೇ ಸರಿಸುತ್ತದೆ.

ದೀಪ ಹಚ್ಚುವ ಹೊತ್ತು. ಕರೆಂಟ್ ಇರಲಿಲ್ಲ. ಭಾವ ಮೊಬೈಲ್ ಬೆಳಕು ಹಿಡಿದು ಹಿಂದೆ ನಿಂತಿದ್ದ. ತಿರುಗಿಸಿದೆ... ಅರ್ಧಕ್ಕೆ ಬಂದ ಕೀಲಿಕೈ ನನ್ನ ಬೆರಳುಗಳಲ್ಲೇ ಹಿಂದಕ್ಕೆ ತಿರುಗಿತು.

"ಒಳಗ ಯಾರದಾರ?"

"ಯಾರೂ ಇಲ್ಲ... ಬಿಡು, ನಾಳಿ ಬಾ."

ಆ ಬೀಗಕ್ಕೆ ಎರಡೂ ಕಡೆಯಿಂದ ಒಂದೇ ತೂತು. ಒಳಗಿನಿಂದ ಯಾರಾದರೂ ಕೀಲಿಕೈ ಹಾಕಿದ್ದರೆ ನನ್ನದು ಒಳಗೆ ಹೋಗುತ್ತಲೇ ಇರಲಿಲ್ಲ. ತೂತಿನಿಂದ ಮೆಂತ್ಯೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ... ಅಕ್ಕನ ತಲೆಯ ವಾಸನೆ.

"ಅಕ್ಕಾ, ನಾ ಬಂದೀನಿ..." ಎಂದೆ.

ಕಟಕ್! ಬಾಗಿಲು ತೆರೆಯಿತು.

ಕಿಟಕಿಯೇ ಇಲ್ಲದ ಕೋಣೆ. ಯಾರೂ ಇರಲಿಲ್ಲ. ಬಾಗಿಲಿನ ಒಳಮೈ ನೋಡಿದೆ. ತೂತಿನ ಸುತ್ತ ಕಟ್ಟಿಗೆ ಉಗುರಿನ ಕೆರೆತಕ್ಕೆ ಬೆಳ್ಳಗಾಗಿತ್ತು.

"ಅಕ್ಕನ್ನ ಇಲ್ಲಿ ಕೂಡಿ ಹಾಕಿದ್ರೇನು?"

"ತಲಿ ಕೆಟ್ಟಿತ್ತವ್ವ ಅಕಿಗಿ... ಊರಾಗ ಮರ್ಯಾದಿ..."

"ಜ್ವರ ಅಂದಿದ್ರಲ್ಲ! ನಾಚಿಕಿ ಆಗಂಗಿಲ್ಲೇನು ನಿಮಗ?"

ಟ್ರಂಕು ಎಳೆದುಕೊಂಡು ಹೊರಗೆ ಬಂದೆ. ನನ್ನ ಹಿಂದೆ ಒಳಗೆ ಬಂದಿದ್ದ ಭಾವ ಹೊಸ್ತಿಲು ದಾಟಿ ಹೊರಬರುವ ಮೊದಲೇ ಬಾಗಿಲು ಧಡ್ಡನೆ ಮುಚ್ಚಿತು. ಕೀಲಿಕೈ ನನ್ನ ಮುಷ್ಟಿಯಲ್ಲೇ ಇತ್ತು.

"ತಗೀ... ಕಸ್ತೂರಿ, ಇನ್ನ ಕೀಲಿ ಹಾಕಂಗಿಲ್ಲ, ತಗೀ!"

ಅವನು ಕರೆಯುತ್ತಿದ್ದುದು ನನ್ನನ್ನಲ್ಲ.

ಕೀಲಿಕೈ ಹಾಕಿದೆ. ಏನಕ್ಕೂ ತಾಗದೆ ಬರಿದೇ ಸುತ್ತಿತು. ಕೂಗು ಕೇಳಿ ಬಂದ ನೆರೆಯವರು ಹಾರೆ ಹಾಕಿ ಬಾಗಿಲು ಮೀಟಿದರು. ಭಾವ ತೆವಳಿಕೊಂಡು ಹೊರಬಂದ.

ನಾನೇ ಸಿಟ್ಟಿಗೆ ಅವನನ್ನು ಕೂಡಿ ಹಾಕಿದೆನೆಂದು ಈಗ ಊರೆಲ್ಲ ಮಾತು. ಅಕ್ಕನನ್ನು ಕೂಡಿ ಹಾಕಿದ್ದು ಯಾಕೆಂದು ಒಬ್ಬರೂ ಅವನನ್ನು ಕೇಳುವುದಿಲ್ಲ. ನೆನೆದರೆ ಮೈ ಉರಿಯುತ್ತದೆ.

ಆದರೆ ಅವತ್ತು ಮೀಟಿದ ಬಾಗಿಲಿನ ಅಂಚನ್ನು ನಾನೇ ಮುಟ್ಟಿ ನೋಡಿದ್ದೆ. ಬೀಗದ ನಾಲಿಗೆ ಚೌಕಟ್ಟಿಗೆ ಚಾಚದೆ ಬೀಗದೊಳಗೇ ಇತ್ತು. ಬೀಗ ಬಿದ್ದೇ ಇರಲಿಲ್ಲ... ಅಷ್ಟು ಹೊತ್ತು ಆ ಬಾಗಿಲನ್ನು ಹಿಡಿದಿದ್ದು ಏನು?