ಹೆಣ್ಣು ನೋಡುವ ದಿನ ಕಟ್ಟಿಕೊಂಡ ಬಚ್ಚಲು

ನಾನು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದ ವರ್ಷವೇ ನಮ್ಮ ಮಾವ ಹೊಸ ಬಚ್ಚಲುಮನೆ ಕಟ್ಟಿಸಿದರು. ಅರವತ್ತರ ದಶಕದ ಆರಂಭ. ಅಲ್ಲಿಯವರೆಗೆ ಆ ಬೀದಿಯ ಎಲ್ಲ ಮನೆಗಳಂತೆ ನಮ್ಮಲ್ಲೂ ಬಚ್ಚಲ ನೀರು ತೆರೆದ ಮೋರಿಯಲ್ಲಿ ಹಿತ್ತಲು ದಾಟಿ, ಪಕ್ಕದ ಓಣಿಯ ಚರಂಡಿಗೆ ಹೋಗುತ್ತಿತ್ತು. ಸಂಜೆಯಾದರೆ ಸೊಳ್ಳೆ, ಬಿಸಿಲೇರಿದರೆ ನಾತ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾವ ಬೆಂಗಳೂರಿನ ನೆಂಟರ ಮನೆಯಲ್ಲಿ ನೆಲದೊಳಗೆ ಪೈಪು ಹಾಕಿದ್ದನ್ನು ನೋಡಿ ಬಂದರು, ಊರಿಗೆ ಬಂದವರೇ ತಾವೂ ಹಾಕಿಸಿಬಿಟ್ಟರು.

ನಮಗೆ ಅದೊಂದು ಹಬ್ಬವೇ ಆಯಿತು. ನುಣ್ಣನೆಯ ಸಿಮೆಂಟು ನೆಲ, ಮೂಲೆಯಲ್ಲಿ ತಾಮ್ರದ ಹಂಡೆ. ನೀರು ಹುಯ್ದರೆ ಗುಳುಗುಳು ಎಂದು ಕಣ್ಣೆದುರೇ ಮಾಯ. ಅಕ್ಕಪಕ್ಕದ ಹೆಂಗಸರು ಬಂದು ಒಂದೊಂದು ಚೊಂಬು ನೀರು ಸುರಿದು, ಓಣಿಗೆ ಓಡಿ ಅದು ಅಲ್ಲಿ ಬೀಳುವುದನ್ನು ನೋಡಿ ಹೋಗುತ್ತಿದ್ದರು. ಆ ಪೈಪು ಎಂಥದ್ದನ್ನಾದರೂ ನುಂಗುತ್ತದೆ ಎಂದು ನಾವೆಲ್ಲ ನಂಬಿದೆವು. ಪಾತ್ರೆ ತಿಕ್ಕಿದ ಬೂದಿ, ತೆಂಗಿನ ನಾರು, ಅನ್ನದ ಅಗುಳು, ತಲೆಕೂದಲು, ಸೀಗೆಪುಡಿಯ ಗಷ್ಟು ಎಲ್ಲವನ್ನೂ ಅದರ ಬಾಯಿಗೇ ತಳ್ಳಿದೆವು.

ಅಷ್ಟರಲ್ಲಿ ನಾದಿನಿಗೆ ಗೌರಿಬಿದನೂರಿನ ಕಡೆಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗ ಸ್ಕೂಲು ಮೇಷ್ಟರು. ಮಧ್ಯಾಹ್ನದ ಬಸ್ಸಿಗೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಅವತ್ತು ಬೆಳಿಗ್ಗೆ ಅತ್ತೆ ಮಗಳಿಗೆ ಎಣ್ಣೆ ನೀರು ಹಾಕಿದರು, ತಾವೂ ತಲೆಗೆ ಹುಯ್ದುಕೊಂಡರು. ಮಂಡಿಗೆ ಬೀಳುವಂಥ ಕೂದಲು ನಾದಿನಿಯದು. ಸ್ನಾನ ಮುಗಿಯುವ ಹೊತ್ತಿಗೆ ಬಚ್ಚಲಲ್ಲಿ ಕಣಕಾಲು ಮುಳುಗುವಷ್ಟು ನೀರು ನಿಂತಿತ್ತು. ಕಾಲಲ್ಲಿ ಕೆದಕಿದೆವು, ಕೋಲು ಹಾಕಿದೆವು. ಒಂದೆರಡು ಗುಳ್ಳೆ ಮೇಲೆ ಬಂದು ಒಡೆದವು, ಅಷ್ಟೆ.

ಬಸ್ಸಿನ ಹೊತ್ತಿಗೆ ಬರುತ್ತೇನೆಂದು ಮಾವ ಕಚೇರಿಗೆ ಹೋಗಿದ್ದರು. ನನ್ನ ಯಜಮಾನರು ತಾವು ಪಾಠ ಹೇಳುವ ಸಾದಲಿಯ ಶಾಲೆಯಲ್ಲಿದ್ದರು. ಮನೆಯಲ್ಲಿ ನಾವು ಮೂವರೇ. ಅತ್ತೆಯ ತವರು ಆಂಧ್ರದ ಗಡಿ. ಗಾಬರಿಯಾದರೆ ತೆಲುಗು ತಾನಾಗಿ ಬಾಯಿಗೆ ಬರುತ್ತಿತ್ತು. "ದೇವುಡಾ, ಬಂದೋರಿಗೆ ಕಾಲು ತೊಳ್ಕೊಳ್ಳೋಕೆ ಎಲ್ಲಿ ನೀರು ಕೊಡ್ಲಮ್ಮ? ಈ ನಾತದಲ್ಲಿ ಹೆಣ್ಣು ತೋರ್ಸೋದಾ?" ಎಂದು ಹಂಡೆಯ ಪಕ್ಕ ಕೂತುಬಿಟ್ಟರು.

ನನಗೆ ಆ ಹೊತ್ತಿನಲ್ಲಿ ಎಲ್ಲಿಂದ ಧೈರ್ಯ ಬಂತೋ. ಪಕ್ಕದ ಮನೆಯವರು ರೇಷ್ಮೆಹುಳು ಸಾಕುತ್ತಿದ್ದರು. ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆ ಹೆಣೆಯಲು ಉದ್ದುದ್ದನೆಯ ಬಿದಿರ ದಬ್ಬೆಗಳನ್ನು ಸೀಳಿ ಇಟ್ಟಿದ್ದರು. ಬಾಗಿದರೂ ಮುರಿಯದವು. ಕೇಳಿ ಒಂದನ್ನು ತಂದೆ, ತುದಿಗೆ ಗೋಣಿತುಂಡು ಬಿಗಿದು ಕಟ್ಟಿದೆ. ನಿಂತ ನೀರನ್ನು ಮೊಗೆದು ಹಿತ್ತಲಿಗೆ ಚೆಲ್ಲಿದೆವು. ನಾನು ಈಚೆಯಿಂದ ದಬ್ಬೆ ತಳ್ಳುವುದು, ಅತ್ತೆ ಹಂಡೆಯ ಬಿಸಿನೀರು ಹುಯ್ಯುವುದು, ನಾದಿನಿ ಓಣಿಯಲ್ಲಿ ಪೈಪಿನ ತುದಿ ನೋಡುತ್ತಿರುವುದು ಎಂದಾಯಿತು. ಎಣ್ಣೆ ನೀರು ಹಾಕಿಕೊಂಡ ಹುಡುಗಿಯನ್ನು ಚರಂಡಿಯ ಹತ್ತಿರ ಕಳಿಸಲು ಅತ್ತೆಗೆ ಮನಸ್ಸಿರಲಿಲ್ಲ. ಅವಳೇ ಸೆರಗು ಸಿಕ್ಕಿಸಿ ಓಡಿದಳು.

ದಬ್ಬೆ ಹಿತ್ತಲ ನಡುವೆ ನೆಲದಡಿ ಎಲ್ಲೋ ಹೋಗಿ ತಡೆಯಿತು. ಮೆತ್ತಗೆ ತಾಕಿತು, ಆದರೆ ಜಗ್ಗಲಿಲ್ಲ. ಹಿಂದಕ್ಕೆಳೆದು ಮತ್ತೆ ತಳ್ಳಿದೆ. ಅತ್ತೆ ಗಾಬರಿ ಮರೆತು, ಬಿಂದಿಗೆ ಕೆಳಗಿಟ್ಟು, ನನ್ನ ಹಿಂದೆ ನಿಂತು ತಾವೂ ದಬ್ಬೆ ಹಿಡಿದರು. ಇಬ್ಬರೂ ಉಸಿರು ಬಿಗಿಹಿಡಿದು ನೂಕಿದ ಒಂದು ಸಲಕ್ಕೆ ಅದು ಸರಕ್ಕನೆ ಜಾರಿತು. ಓಣಿಯಿಂದ ನಾದಿನಿಯ ಕೂಗು ಕೇಳಿಸಿತು. "ಒಚ್ಚಿಂದಿ ಅತ್ತಿಗೇ, ಬಂತು, ಬಂತು!"

ಓಡಿಹೋಗಿ ನೋಡಿದರೆ, ಪೈಪಿನ ಬಾಯಲ್ಲಿ ಸಿಕ್ಕಿದ್ದ ಗಂಟನ್ನು ಅವಳು ಮೊಣಕೈಯವರೆಗೆ ಕೈ ಹಾಕಿ ಎಳೆದು ಹಿಡಿದುಕೊಂಡಿದ್ದಳು. ಕೂದಲು, ನಾರು, ಬೂದಿ, ಸೀಗೆಪುಡಿ ಎಲ್ಲ ಎಣ್ಣೆ ಜಿಡ್ಡಿನಲ್ಲಿ ಕಲೆತು ಸತ್ತ ಹೆಗ್ಗಣದ ಹಾಗೆ ಕಾಣುತ್ತಿತ್ತು. ಅದರ ಹಿಂದೆಯೇ ನೀರು ಭೋರೆಂದು ನುಗ್ಗಿತು. ಅವಳ ಮುಖದಲ್ಲಿ ಎಂಥ ಗೆಲುವು! ನಾನೂ ನಗುತ್ತಿದ್ದೆ. ಆಗಲೇ ಓಣಿಯ ಬಾಯಲ್ಲಿ ಜಟಕಾ ಬಂದು ನಿಂತಿದ್ದನ್ನು ಇಬ್ಬರೂ ನೋಡಿದ್ದು.

ಗಂಡಿನವರು ಮೊದಲ ಬಸ್ಸಿಗೇ ಬಂದುಬಿಟ್ಟಿದ್ದರು. ನಾದಿನಿಗೆ ಆ ಗಂಟನ್ನು ಎಲ್ಲಿ ಎಸೆಯಬೇಕೋ ತಿಳಿಯಲಿಲ್ಲ. ಗಂಡಿನ ತಾಯಿ ಜಟಕಾದಿಂದ ಇಳಿದು, ಅವಳನ್ನೂ ಹರಿಯುವ ನೀರನ್ನೂ ನೋಡಿದರು.

"ಕಟ್ಕೊಂಡಿತ್ತಾ? ನಿಧಾನವಾಗಿ ಕೈ ತೊಳ್ಕೊಂಡು ಬಾರಮ್ಮ. ನಾವು ಕೂತಿರ್ತೀವಿ," ಎಂದರು.

ಒಳಗೆ ಉಪ್ಪಿಟ್ಟು ಕಾಫಿ ಆದಮೇಲೆ ಅವರು ಹಾಡು ಹೇಳು ಎನ್ನಲಿಲ್ಲ. ತಮ್ಮ ಮನೆಗೂ ಇಂಥದೇ ಪೈಪು ಹಾಕಿಸುವ ಯೋಚನೆಯಿದೆ, ಯಾಕೆ ಕಟ್ಟಿಕೊಂಡಿತು ಎಂದು ಕೇಳಿದರು. ತಲೆ ತಗ್ಗಿಸಿ ಕೂತಿದ್ದ ನಾದಿನಿ ಮೆಲ್ಲಗೆ ಶುರುಮಾಡಿ, ಕೊನೆಗೆ ಕೈ ಆಡಿಸಿಕೊಂಡು ಎಲ್ಲ ವಿವರಿಸಿದಳು. ಹುಡುಗ ನಗು ತಡೆದುಕೊಂಡು ಕೇಳುತ್ತಿದ್ದರು. ಮಧ್ಯಾಹ್ನ ಮಾವ ಬಂದಮೇಲೆ, ಹೊರಡುವ ಮುಂಚೆಯೇ ಗಂಡಿನವರು ಒಪ್ಪಿಗೆ ಹೇಳಿದರು.

ಸಂಜೆ ಮಾವ ಕಥೆಯೆಲ್ಲ ಕೇಳಿ, ಒಂದು ಹಳೆಯ ಹಿತ್ತಾಳೆ ತಟ್ಟೆಗೆ ಮೊಳೆಯಿಂದ ತೂತು ಹೊಡೆದು ಬಚ್ಚಲೊಳಗೆ ಪೈಪಿನ ಬಾಯಿಗೆ ಕೂರಿಸಿದರು. ಅತ್ತೆ ಹೊಸ ಕಟ್ಟಳೆ ತಂದರು. ಬೂದಿ ಹಚ್ಚಿದ ಪಾತ್ರೆಯನ್ನು ಬಾಳೆಗಿಡದ ಬುಡದಲ್ಲೇ ತೊಳೆಯಬೇಕು. ಅಗುಳು, ಗಂಜಿ ಹಸುವಿನ ಕಲಗಚ್ಚಿನ ಬಾನಿಗೆ. ತಲೆ ಬಾಚಿ, ಉದುರುವ ಕೂದಲು ತೆಗೆದಮೇಲೇ ಸ್ನಾನ. ಮಿಂದವರು ತಟ್ಟೆಯ ಮೇಲೆ ನಿಂತ ಗಷ್ಟನ್ನು ತಾವೇ ಎತ್ತಬೇಕು, ಕೊನೆಗೆ ಒಂದು ಬಿಂದಿಗೆ ಸುಡುನೀರು ಹುಯ್ಯಬೇಕು. ಮಾವನಿಗೂ ರಿಯಾಯಿತಿ ಇರಲಿಲ್ಲ.

ನಾದಿನಿಯ ಮದುವೆಯಾಗಿ ಬಂದ ಮೊದಲ ದೀಪಾವಳಿಗೆ ಅಳಿಯಂದಿರು, ಅವರ ತಂದೆತಾಯಿ ಎಲ್ಲ ಬಂದು ಮನೆ ತುಂಬಿತ್ತು. ಬೆಳಿಗ್ಗೆಯಿಂದ ಒಬ್ಬರಾದಮೇಲೊಬ್ಬರು ಎಣ್ಣೆ ಹಚ್ಚಿಕೊಂಡು ಮಿಂದರು. ಅತ್ತೆ, ನಾನು, ನಾದಿನಿ ಬಚ್ಚಲ ಬಾಗಿಲಲ್ಲೇ ಸುಳಿದಾಡುತ್ತಿದ್ದೆವು. ಕೊನೆಗೆ ಅಳಿಯಂದಿರು ಒಳಗಿನಿಂದಲೇ ಕೂಗಿ ಹೇಳಿದರು, "ಹೋಗ್ತಾ ಇದೆ ಅತ್ತೆ, ಚೆನ್ನಾಗಿ ಹೋಗ್ತಾ ಇದೆ." ಅತ್ತೆ ನಾಚಿಕೊಂಡು ಅಡಿಗೆಮನೆಗೆ ಓಡಿದರು.